ಅಂಗಸಂಸ್ಥೆ ಮೊದಲ ಬಾರಿಗೆ ಐಎಫ್‌ಆರ್‌ಎಸ್‌ಗೆ ಹೋಗುವಾಗ: ಮಾತೃಸಂಸ್ಥೆಯ ಅಂಕಿ ಎಲ್ಲಿಯವರೆಗೆ ನಡೆಯುತ್ತದೆ?

ಪ್ರತಿ ತಿಂಗಳು ಮಾತೃಸಂಸ್ಥೆಗೆ ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡಗಳು) ಪ್ರಕಾರ ರಿಪೋರ್ಟಿಂಗ್ ಪ್ಯಾಕ್ (ಗ್ರೂಪಿನ ಲೆಕ್ಕಕ್ಕೆ ಸೇರಿಸಲು ಕೊಡುವ ಅಂಕಿಗಳ ಕಟ್ಟು) ಕಳಿಸುವ ಅಂಗಸಂಸ್ಥೆಗಳ ಲೆಕ್ಕ ವಿಭಾಗದಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ನಾವು ಆಗಲೇ ಐಎಫ್‌ಆರ್‌ಎಸ್‌ನಲ್ಲೇ ಇದ್ದೇವೆ, ಪ್ಯಾಕ್ ತೆಗೆದು ಟಿಪ್ಪಣಿ ಸೇರಿಸಿದರೆ ವರದಿ ಸಿದ್ಧ.’ ಮೊದಲ ಬಾರಿಯ ಅಳವಡಿಕೆಗೆಂದೇ ಇರುವ ಮಾನದಂಡ ಐಎಫ್‌ಆರ್‌ಎಸ್ 1ರ 3ನೇ ಪ್ಯಾರಾ ಇದನ್ನು ಒಪ್ಪುವುದಿಲ್ಲ. ಕನ್ಸಾಲಿಡೇಶನ್‌ಗೆಂದು (ಗ್ರೂಪಿನ ಎಲ್ಲ ಕಂಪನಿಗಳ ಲೆಕ್ಕವನ್ನು ಒಂದಾಗಿಸಲು) ಪ್ಯಾಕ್ ಮಾಡಿ, ಪೂರ್ಣ ಹಣಕಾಸು ವರದಿ ಹೊರಡಿಸದ ಕಂಪನಿ ಈ ಮಾನದಂಡದ ಕಣ್ಣಿಗೆ ಇನ್ನೂ ಮೊದಲ ಬಾರಿಯ ಅಳವಡಿಕೆದಾರನೇ. ಪ್ಯಾಕ್‌ನಿಂದ ಉಪಯೋಗವಿದೆ, ಬೇಕಾದಷ್ಟಿದೆ. ಆದರೆ ಅದು ಕೆಲಸದ ಆರಂಭ ಮಾತ್ರ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಳ್ಳೋಣ. ದುಬೈನಲ್ಲಿ 2018ರಲ್ಲಿ ಶುರುವಾದ ಸೇವಾ ಕಂಪನಿ. ಮಾತೃಸಂಸ್ಥೆ ಲಂಡನ್ ಷೇರುಪೇಟೆಯಲ್ಲಿದ್ದು 2005ರಿಂದ ಐಎಫ್‌ಆರ್‌ಎಸ್ ವರದಿ ಕೊಡುತ್ತಿದೆ. ದುಬೈ ಕಂಪನಿಯ ಸ್ಥಳೀಯ ಲೆಕ್ಕ ಮಾತ್ರ ಎಸ್‌ಎಂಇಗಳ (ಸಣ್ಣ, ಮಧ್ಯಮ ಉದ್ಯಮಗಳ) ಐಎಫ್‌ಆರ್‌ಎಸ್‌ನ 2015ರ ಆವೃತ್ತಿಯಲ್ಲಿದೆ. ಯುಎಇಯ ಕಾರ್ಪೊರೇಟ್ ತೆರಿಗೆಗಾಗಿ ಬಂದ 2023ರ ಸಚಿವಾಲಯ ನಿರ್ಣಯ 114ರ ಪ್ರಕಾರ, ಆದಾಯ 5 ಕೋಟಿ ದಿರ್ಹಮ್ ಮೀರದವರು ಎಸ್‌ಎಂಇ ಮಾನದಂಡ ಬಳಸಬಹುದು. ಮೀರಿದವರಿಗೆ ಪೂರ್ಣ ಐಎಫ್‌ಆರ್‌ಎಸ್ ಕಡ್ಡಾಯ. ನಮ್ಮ ಕಂಪನಿ 2027ರಲ್ಲಿ ಆ ಗೆರೆ ದಾಟುವ ಅಂದಾಜಿದೆ. ದುಬೈ, ಅಬುಧಾಬಿಯ ಲೆಕ್ಕ ವಿಭಾಗಗಳಲ್ಲಿ ಕೂತಿರುವ ಮಂಗಳೂರು, ಉಡುಪಿ ಕಡೆಯವರಿಗೂ, ಇಂಥ ಕಂಪನಿಗಳ ಪುಸ್ತಕವನ್ನು ಬೆಂಗಳೂರಿನ ಶೇರ್ಡ್ ಸರ್ವಿಸ್ ಕೇಂದ್ರಗಳಲ್ಲಿ ಮುಚ್ಚುವವರಿಗೂ ಇದು ಪರಿಚಿತ ಪರಿಸ್ಥಿತಿ.

ಹಂತ 1: ದಿನಾಂಕಗಳನ್ನು ಹಿಮ್ಮುಖವಾಗಿ ಎಣಿಸಿ

ಮೊದಲ ಐಎಫ್‌ಆರ್‌ಎಸ್ ವರದಿ 31 ಡಿಸೆಂಬರ್ 2027ಕ್ಕೆ ಕೊನೆಗೊಳ್ಳುವ ವರ್ಷದ್ದಾದರೆ, ಹೋಲಿಕೆಯ ವರ್ಷ 2026. ಆ ವರ್ಷದ ಮೊದಲ ದಿನ, ಅಂದರೆ 1 ಜನವರಿ 2026, ಪರಿವರ್ತನಾ ದಿನಾಂಕ. ವರದಿಯಲ್ಲಿ ಮೂರು ಬ್ಯಾಲೆನ್ಸ್ ಶೀಟ್ ಇರಬೇಕು: 1 ಜನವರಿ 2026, 31 ಡಿಸೆಂಬರ್ 2026, 31 ಡಿಸೆಂಬರ್ 2027. ಲಾಭ-ನಷ್ಟ, ನಗದು ಹರಿವು, ಈಕ್ವಿಟಿ ಬದಲಾವಣೆಗಳ ಪಟ್ಟಿಗಳು ಎರಡೆರಡು ವರ್ಷದ್ದು.

ಯುಎಇಯಲ್ಲಿ ಪೆಟ್ಟು ಬೀಳುವುದು ಇಲ್ಲೇ. ಆದಾಯ 5 ಕೋಟಿ ದಾಟಿತೆಂದು ಗೊತ್ತಾಗುವುದು ವರ್ಷದ ಕೊನೆಗೆ. ಆ ಹೊತ್ತಿಗೆ ಪರಿವರ್ತನಾ ದಿನಾಂಕ ಕಳೆದು ಎರಡು ವರ್ಷವಾಗಿರುತ್ತದೆ. ಅಂದಿನ ದಾಸ್ತಾನು, ಅಂದಿನ ಬಾಕಿದಾರರ ವಯಸ್ಸಿನ ಪಟ್ಟಿ, ಅಂದಿನ ಬಡ್ಡಿದರ ಎಲ್ಲವನ್ನೂ ಮತ್ತೆ ಕಟ್ಟಬೇಕು. ಆದಾಯ 4 ಕೋಟಿ ಮುಟ್ಟುತ್ತಿದ್ದಂತೆಯೇ ಆರಂಭಿಕ ಬ್ಯಾಲೆನ್ಸ್ ಶೀಟಿಗೆ ಬೇಕಾದ ದಾಖಲೆ ಎತ್ತಿಡಲು ಶುರುಮಾಡುವುದು ಲೇಸು. ತೆರಿಗೆಗಾಗಿ ಆಡಿಟ್ ಆದ ವರದಿ ಕಡ್ಡಾಯವಾಗುವ ಗೆರೆಯೂ ಅದೇ 5 ಕೋಟಿ, ಆದ್ದರಿಂದ ಎರಡೂ ಹೊರೆ ಒಟ್ಟಿಗೇ ಬರುತ್ತವೆ.

ಇನ್ನೊಂದು ನಿಯಮ ಹಲವರ ಕಣ್ಣು ತಪ್ಪಿಸುತ್ತದೆ. ಮೊದಲ ವರದಿಯ ಕೊನೆಯ ದಿನ ಯಾವ ಮಾನದಂಡಗಳು ಜಾರಿಯಲ್ಲಿವೆಯೋ ಅವನ್ನೇ ಮೂರೂ ಬ್ಯಾಲೆನ್ಸ್ ಶೀಟಿಗೆ, ಎರಡೂ ವರ್ಷಕ್ಕೆ ಒಂದೇ ರೀತಿ ಹಚ್ಚಬೇಕು. 2024ರ ಏಪ್ರಿಲ್‌ನಲ್ಲಿ ಬಂದ ಐಎಫ್‌ಆರ್‌ಎಸ್ 18, ವರದಿಯ ರೂಪ ಹೇಳುವ ಹಳೆಯ ಮಾನದಂಡ ಐಎಎಸ್ 1ರ ಜಾಗದಲ್ಲಿ 1 ಜನವರಿ 2027ರಿಂದ ಜಾರಿ. ಹಾಗಾಗಿ ನಮ್ಮ ಕಂಪನಿಯ 2026ರ ಹೋಲಿಕೆ ಅಂಕಿಗಳೂ ಐಎಫ್‌ಆರ್‌ಎಸ್ 18ರ ರೂಪದಲ್ಲೇ ಬರಬೇಕು. 2026ರಲ್ಲಿ ಲಂಡನ್ನಿಗೆ ಹೋದ ಪ್ಯಾಕ್ ಇನ್ನೂ ಹಳೆಯ ರೂಪದಲ್ಲಿರುತ್ತದೆ. ಅದನ್ನು ಹಾಗೆಯೇ ನಕಲು ಮಾಡುವಂತಿಲ್ಲ.

ಹಂತ 2: ಡಿ16ರ ಎರಡು ಬಾಗಿಲು

ಮಾತೃಸಂಸ್ಥೆಗಿಂತ ತಡವಾಗಿ ಐಎಫ್‌ಆರ್‌ಎಸ್‌ಗೆ ಬರುವ ಅಂಗಸಂಸ್ಥೆಗೆ ಐಎಫ್‌ಆರ್‌ಎಸ್ 1ರ ಪ್ಯಾರಾ ಡಿ16 ಒಂದು ಆಯ್ಕೆ ಕೊಡುತ್ತದೆ.

ಡಿ16(ಎ): ಮಾತೃಸಂಸ್ಥೆಯ ಕನ್ಸಾಲಿಡೇಟೆಡ್ ವರದಿಯಲ್ಲಿ ನಿಮ್ಮ ಆಸ್ತಿ-ಹೊಣೆಗಳು ಯಾವ ಮೊತ್ತದಲ್ಲಿ ಕೂರುತ್ತವೆಯೋ ಆ ಮೊತ್ತ. ಲೆಕ್ಕಕ್ಕೆ ಬರುವುದು ಮಾತೃಸಂಸ್ಥೆಯ ಪರಿವರ್ತನಾ ದಿನಾಂಕ. 2005ರಲ್ಲಿ ಬದಲಾದ ಗ್ರೂಪಿಗೆ ಅದು 2004ರ ಆರಂಭ. ಇದರಿಂದ ಎರಡನ್ನು ತೆಗೆದುಹಾಕಬೇಕು: ಕನ್ಸಾಲಿಡೇಶನ್‌ಗೆಂದು ಮಾಡಿದ ಹೊಂದಾಣಿಕೆಗಳು, ಮತ್ತು ಮಾತೃಸಂಸ್ಥೆ ನಿಮ್ಮನ್ನು ಖರೀದಿಸಿದಾಗ ಹುಟ್ಟಿದ ಲೆಕ್ಕ.

ಡಿ16(ಬಿ): ಮಾತೃಸಂಸ್ಥೆಯನ್ನು ಮರೆತು, ನಿಮ್ಮದೇ ಪರಿವರ್ತನಾ ದಿನಾಂಕದಿಂದ ಐಎಫ್‌ಆರ್‌ಎಸ್ 1ರ ಉಳಿದೆಲ್ಲ ನಿಯಮ ಮತ್ತು ವಿನಾಯಿತಿಗಳನ್ನು ಹಚ್ಚುವುದು.

ಆಯ್ಕೆ ಇಡೀ ಕಂಪನಿಗೆ ಒಂದೇ. ಲೀಸಿಗೆ (ಎ), ಕಟ್ಟಡಕ್ಕೆ (ಬಿ) ಎಂದು ಹೆಕ್ಕುವಂತಿಲ್ಲ. ಮಾತೃಸಂಸ್ಥೆ ಹೂಡಿಕೆ ಸಂಸ್ಥೆಯಾಗಿದ್ದು, ನಿಮ್ಮನ್ನು ಕನ್ಸಾಲಿಡೇಟ್ ಮಾಡದೆ ನ್ಯಾಯಮೌಲ್ಯದಲ್ಲಿ ಇಟ್ಟುಕೊಂಡಿದ್ದರೆ (ಎ) ಇಲ್ಲ. ಅಸೋಸಿಯೇಟ್ ಮತ್ತು ಜಂಟಿ ಉದ್ಯಮಗಳಿಗೂ ಇಂಥದ್ದೇ ಆಯ್ಕೆಯುಂಟು.

ಮಾತೃಸಂಸ್ಥೆ ಬೆಂಗಳೂರಿನದಾಗಿ, ಇಂಡ್ ಎಎಸ್ (ಭಾರತೀಯ ಲೆಕ್ಕ ಮಾನದಂಡಗಳು) ಮಾತ್ರ ಪಾಲಿಸುತ್ತಿದ್ದರೆ? ಇಂಡ್ ಎಎಸ್ ಮತ್ತು ಐಎಫ್‌ಆರ್‌ಎಸ್ ಹತ್ತಿರದವು, ಒಂದೇ ಅಲ್ಲ. ಇಂಡ್ ಎಎಸ್ 101ರ ಡಿ7ಎಎ ಪ್ರಕಾರ ಹಳೆಯ ಭಾರತೀಯ ಲೆಕ್ಕದ ಸ್ಥಿರಾಸ್ತಿ ಮೊತ್ತವನ್ನೇ ಮೂಲವೆಚ್ಚವೆಂದು ಮುಂದುವರಿಸಬಹುದು. ಐಎಫ್‌ಆರ್‌ಎಸ್ 1ರಲ್ಲಿ ಆ ಸಾರಾಸಗಟು ಸೌಲಭ್ಯವಿಲ್ಲ. ಅಗ್ಗದ ಖರೀದಿಯಿಂದ ಬಂದ ಲಾಭ ಐಎಫ್‌ಆರ್‌ಎಸ್ 3ರಲ್ಲಿ ಲಾಭ-ನಷ್ಟಕ್ಕೆ ಹೋಗುತ್ತದೆ, ಇಂಡ್ ಎಎಸ್ 103ರಲ್ಲಿ ಹಾಗಲ್ಲ. ಐಎಫ್‌ಆರ್‌ಎಸ್ ಅನ್ನು ಎಂದೂ ಅಳವಡಿಸಿಕೊಳ್ಳದ ಮಾತೃಸಂಸ್ಥೆಯ ಅಂಕಿಗೆ ಡಿ16(ಎ) ಆಸರೆ ಸಿಗದು. (ಬಿ) ದಾರಿಯೇ ಗತಿ. ಇನ್ಫೋಸಿಸ್, ವಿಪ್ರೋಗಳಂತೆ ನ್ಯೂಯಾರ್ಕ್ ಷೇರುಪೇಟೆಗಾಗಿ ಐಎಫ್‌ಆರ್‌ಎಸ್ ವರದಿಯನ್ನೂ ಕೊಡುವ ಗ್ರೂಪುಗಳ ಮಾತು ಬೇರೆ.

(ಎ) ಮತ್ತು (ಬಿ) ನಡುವಿನ ಅಂತರ ಲೀಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಗೋದಾಮೊಂದನ್ನು 1 ಜನವರಿ 2023ರಂದು 7 ವರ್ಷಕ್ಕೆ ಹಿಡಿದಿದ್ದಾರೆ. ಬಾಡಿಗೆ ವರ್ಷಕ್ಕೆ 12 ಲಕ್ಷ ದಿರ್ಹಮ್, ಪ್ರತಿ ಜನವರಿ 1ಕ್ಕೆ ಮುಂಗಡ. ಎಸ್‌ಎಂಇ ಲೆಕ್ಕದಲ್ಲಿ ಇದು ಆಪರೇಟಿಂಗ್ ಲೀಸ್, ಬ್ಯಾಲೆನ್ಸ್ ಶೀಟಿನಲ್ಲಿ ಸುಳಿವೇ ಇಲ್ಲ. ಪೂರ್ಣ ಐಎಫ್‌ಆರ್‌ಎಸ್‌ನಲ್ಲಿ ಬಳಸುವ ಹಕ್ಕು ಆಸ್ತಿಯಾಗಿ, ಕೊಡಬೇಕಾದ ಬಾಡಿಗೆ ಹೊಣೆಯಾಗಿ ಬರುತ್ತದೆ. 2023ರಲ್ಲಿ ಕಂಪನಿಯ ಸಾಲದ ದರ 4.5 ಶೇಕಡಾ, 2026ರ ಆರಂಭದಲ್ಲಿ 6 ಶೇಕಡಾ ಎಂದಿಟ್ಟುಕೊಳ್ಳಿ.

(ಎ) ಪ್ರಕಾರ ಗ್ರೂಪಿನ ಪುಸ್ತಕದ ಮೊತ್ತವೇ ಬರುತ್ತದೆ. 2023ರಲ್ಲಿ ಏಳು ಕಂತಿನ ಇಂದಿನ ಮೌಲ್ಯ 73.89 ಲಕ್ಷ. ಮೂರು ವರ್ಷದ ಸವಕಳಿ ಕಳೆದು 4/7 ಭಾಗ, ಅಂದರೆ 42.23 ಲಕ್ಷ ಬಳಕೆ ಹಕ್ಕಿನ ಆಸ್ತಿಯಾಗಿ ಉಳಿಯುತ್ತದೆ. ಉಳಿದ ನಾಲ್ಕು ಕಂತಿನ ಹೊಣೆ 44.99 ಲಕ್ಷ. ವ್ಯತ್ಯಾಸ 2.76 ಲಕ್ಷ ಈಕ್ವಿಟಿಯಿಂದ ಕಳೆಯುತ್ತದೆ.

(ಬಿ) ಪ್ರಕಾರ ಪ್ಯಾರಾ ಡಿ9ಬಿ ಬಳಸಿದರೆ, ಉಳಿದ ನಾಲ್ಕು ಕಂತನ್ನು ಪರಿವರ್ತನಾ ದಿನದ 6 ಶೇಕಡಾದಲ್ಲಿ ಇಳಿಸಿ 44.08 ಲಕ್ಷ. ಆಸ್ತಿಯನ್ನೂ ಅಷ್ಟಕ್ಕೇ ಇಡಬಹುದು. ಈಕ್ವಿಟಿಗೆ ತಾಗುವುದಿಲ್ಲ.

(ಬಿ) ಸುಲಭವಾಗಿ, ಅಂದವಾಗಿ ಕಾಣುತ್ತದಲ್ಲವೇ? ಆದರೆ ಇಲ್ಲಿಂದ ಮುಂದೆ ಗ್ರೂಪಿಗೆ 4.5 ಶೇಕಡಾದ ಒಂದು ಪಟ್ಟಿ, ಸ್ಥಳೀಯ ವರದಿಗೆ 6 ಶೇಕಡಾದ ಇನ್ನೊಂದು ಪಟ್ಟಿ, 2029ರ ಕೊನೆಯವರೆಗೆ. ಪ್ರತಿ ಲೀಸಿಗೆ ಎರಡೆರಡು. ತಿಂಗಳ ಮುಕ್ತಾಯದಲ್ಲಿ ಈ ಜೋಡಿ ಲೆಕ್ಕ ತಪ್ಪದೆ ತಪ್ಪಾಗುತ್ತದೆ. ಡಿ16(ಎ) ಇರುವುದೇ ಈ ಎರಡು ಪುಸ್ತಕದ ಕಾಟ ತಪ್ಪಿಸಲು. ಆದ್ದರಿಂದ ನಮ್ಮ ಒಲವು (ಎ) ಕಡೆಗೆ, ಒಂದು ಷರತ್ತಿನ ಮೇಲೆ: ಗ್ರೂಪಿನಲ್ಲಿ ನಿಮ್ಮ ಹೆಸರಿನಲ್ಲಿರುವ ಪ್ರತಿ ಮೊತ್ತದ ಹಿಂದಿನ ಲೆಕ್ಕ ಕೈಗೆ ಸಿಗಬೇಕು. ಸಿಗದಿದ್ದರೆ, ಅಥವಾ ಮಾತೃಸಂಸ್ಥೆ ನಿಮ್ಮನ್ನು ಸದ್ಯದಲ್ಲೇ ಮಾರುವ ಯೋಚನೆಯಲ್ಲಿದ್ದರೆ, (ಬಿ)ಗೆ ಹೋಗಿ.

ಹಂತ 3: ಸೇತುವೆ ಪಟ್ಟಿ ಕಟ್ಟಿ

ಇಡೀ ಕೆಲಸದ ಬೆನ್ನೆಲುಬು ಒಂದೇ ಎಕ್ಸೆಲ್ ಹಾಳೆ. ಪ್ರತಿ ಖಾತೆಗೆ ಒಂದು ಸಾಲು. ಕಾಲಂಗಳು ಎಡದಿಂದ ಬಲಕ್ಕೆ ಹೀಗಿರಲಿ: 31 ಡಿಸೆಂಬರ್ 2025ರ ಆಡಿಟ್ ಆದ ಎಸ್‌ಎಂಇ ಮೊತ್ತ, ಅದೇ ದಿನದ ಪ್ಯಾಕ್ ಮೊತ್ತ, ಪ್ಯಾಕ್ ಬಂದ ಮೇಲೆ ಕೇಂದ್ರ ಕಚೇರಿ ನಿಮ್ಮ ಹೆಸರಿನಲ್ಲಿ ಹಾಕಿದ ನಮೂದುಗಳು, ಖರೀದಿ ಲೆಕ್ಕದ ತೆಗೆತ, ಕನ್ಸಾಲಿಡೇಶನ್ ಎಲಿಮಿನೇಶನ್‌ನ (ಗ್ರೂಪಿನೊಳಗಿನ ವ್ಯವಹಾರ ಅಳಿಸಿದ್ದರ) ವಾಪಸಾತಿ, ಗ್ರೂಪಿಗೆ ಸಣ್ಣದಾದರೂ ನಿಮಗೆ ದೊಡ್ಡದಾದ ತಪ್ಪುಗಳ ತಿದ್ದುಪಡಿ, ಮುಂದೂಡಿದ ತೆರಿಗೆ (ಪುಸ್ತಕದ ಮೊತ್ತಕ್ಕೂ ತೆರಿಗೆ ಲೆಕ್ಕದ ಮೊತ್ತಕ್ಕೂ ಇರುವ ಅಂತರದಿಂದ ಮುಂದೆ ತಾಗುವ ತೆರಿಗೆ), ಕೊನೆಗೆ ಐಎಫ್‌ಆರ್‌ಎಸ್ ಮೊತ್ತ.

ಮೂರನೇ ಕಾಲಂ ಎಲ್ಲರನ್ನೂ ಕಾಡುವಂಥದ್ದು. ಕೇಂದ್ರ ಕಚೇರಿಯಲ್ಲಿ ಕನ್ಸಾಲಿಡೇಶನ್ ಸಾಫ್ಟ್‌ವೇರಿನಲ್ಲೇ ನೇರವಾಗಿ ಹಾಕುವ ನಮೂದುಗಳು ನಿಮ್ಮ ಲೆಡ್ಜರಿಗೆ ಬಂದಿರುವುದೇ ಇಲ್ಲ. ಪಿಂಚಣಿ ಹಂಚಿಕೆ, ಷೇರು ಆಯ್ಕೆಯ ವೆಚ್ಚ, ಮುಕ್ತಾಯದ ನಂತರದ ಘಟನೆಗಳ ಹೊಂದಾಣಿಕೆ, ಕೆಲವೊಮ್ಮೆ ಲೀಸ್ ಕೂಡ ಅಲ್ಲೇ ಇರುತ್ತವೆ. ನಿಮ್ಮ ಎಂಟಿಟಿ ಕೋಡಿನ ಮೇಲೆ 2025ರ ಕೊನೆಗೆ ನಿಂತಿರುವ ಇಂಥ ಎಲ್ಲ ಟಾಪ್-ಸೈಡ್ (ಕೇಂದ್ರ ಕಚೇರಿ ಮೇಲಿಂದ ಹಾಕಿದ) ನಮೂದುಗಳನ್ನು ಬರಹದಲ್ಲಿ ಕೇಳಿ. ಆ ವರ್ಷದವು ಮಾತ್ರವಲ್ಲ, ಹಿಂದಿನಿಂದ ಉರುಳಿಕೊಂಡು ಬಂದವೂ ಬೇಕು. ‘2025ರ ನಮೂದು ಕಳಿಸಿ’ ಎಂದರೆ 2025ರದ್ದಷ್ಟೇ ಬರುತ್ತದೆ, ಶೇಷ ಕೂಡುವುದಿಲ್ಲ.

ನಮ್ಮ ದುಬೈ ಕಂಪನಿಯನ್ನು ಗ್ರೂಪೇ ಹುಟ್ಟುಹಾಕಿದ್ದರಿಂದ ನಾಲ್ಕನೇ ಕಾಲಂ ಖಾಲಿ. ಖರೀದಿಯಿಂದ ಬಂದ ಕಂಪನಿಗಳಲ್ಲಿ ಗುಡ್‌ವಿಲ್, ಗ್ರಾಹಕರ ಪಟ್ಟಿಯ ಮೌಲ್ಯ, ಬ್ರ್ಯಾಂಡ್, ಕಟ್ಟಡದ ನ್ಯಾಯಮೌಲ್ಯದ ಏರಿಕೆ ಇವೆಲ್ಲ ಗ್ರೂಪಿನ ಸಾಫ್ಟ್‌ವೇರಿನಲ್ಲಿ ಅಂಗಸಂಸ್ಥೆಯ ಕೋಡಿನಡಿಯಲ್ಲೇ ಕುಳಿತಿರುತ್ತವೆ. ಅವು ಮಾತೃಸಂಸ್ಥೆಯ ಖರೀದಿಯ ಫಲ, ನಿಮ್ಮ ಆಸ್ತಿಯಲ್ಲ. ಅವುಗಳ ಮೇಲಿನ ಸವಕಳಿ ಮತ್ತು ಮುಂದೂಡಿದ ತೆರಿಗೆಯನ್ನೂ ಜೊತೆಗೇ ತೆಗೆಯಿರಿ. ಆಸ್ತಿ ಹೋಗಿ ತೆರಿಗೆ ಹೊಣೆ ಉಳಿದುಬಿಡುವುದು ಸಾಮಾನ್ಯ ಎಡವಟ್ಟು. ಗ್ರೂಪಿನೊಳಗಿನ ಬಾಕಿ, ಸಾಲ, ಮಾರಾಟವಾಗದ ದಾಸ್ತಾನಿನ ಅವಾಸ್ತವಿಕ ಲಾಭ ಇವು ಎಲಿಮಿನೇಟ್ ಆಗಿದ್ದರೆ ಮರಳಿ ತರಬೇಕು.

ಹಂತ 4: ಮೆಟೀರಿಯಾಲಿಟಿ ಎಂಬ ಬಲೆ

ಸೇತುವೆಯ ಆರನೇ ಕಾಲಂ ಬಗ್ಗೆ ಮಾನದಂಡದ ಅನುಷ್ಠಾನ ಮಾರ್ಗದರ್ಶನದಲ್ಲಿ, ಐಜಿ31ರಲ್ಲಿ, ಸ್ಪಷ್ಟ ಮಾತಿದೆ. ಗ್ರೂಪಿನ ವರದಿಗೆ ಗಣ್ಯವಲ್ಲದ ತಪ್ಪು ಅಂಗಸಂಸ್ಥೆಯ ವರದಿಗೆ ಗಣ್ಯವಾಗಿದ್ದರೆ, ಡಿ16 ಹೆಸರು ಹೇಳಿ ಅದನ್ನು ಕಡೆಗಣಿಸುವಂತಿಲ್ಲ. ಗ್ರೂಪಿನ ಮೆಟೀರಿಯಾಲಿಟಿ ಮಿತಿ (ಇದಕ್ಕಿಂತ ಸಣ್ಣ ತಪ್ಪು ಗಣ್ಯವಲ್ಲ ಎಂಬ ಗೆರೆ) 2 ಕೋಟಿ ದಿರ್ಹಮ್ ಇದ್ದು, ನಿಮ್ಮ ಸ್ವಂತ ವರದಿಯ ಮಿತಿ 5 ಲಕ್ಷ ಇರಬಹುದು. ನಡುವಿನ ಪ್ರತಿಯೊಂದನ್ನೂ ಗ್ರೂಪ್ ಬಿಟ್ಟುಬಿಟ್ಟಿರುತ್ತದೆ.

ಹುಡುಕಬೇಕಾದ ಜಾಗಗಳು ಗೊತ್ತಿರುವಂಥವೇ. ಪ್ಯಾಕ್ ಐದನೇ ಕೆಲಸದ ದಿನವೇ ಮುಚ್ಚಿದ್ದರೆ, ಆಮೇಲೆ ಬಂದ ಡಿಸೆಂಬರ್ ಬಿಲ್ಲುಗಳು ಮುಂದಿನ ವರ್ಷಕ್ಕೆ ಹೋಗಿರುತ್ತವೆ. ಸಣ್ಣ ಲೀಸುಗಳನ್ನು ಗ್ರೂಪ್ ತನ್ನದೇ ಮಿತಿ ಹಾಕಿ ಖರ್ಚಿಗೆ ತಳ್ಳಿರುತ್ತದೆ. ಬಾಕಿದಾರರ ನಷ್ಟದ ದರ ಯುರೋಪಿನ ಗ್ರಾಹಕರ ಅನುಭವದ್ದಾಗಿರುತ್ತದೆ. ಕೊಲ್ಲಿಯ ಗುತ್ತಿಗೆದಾರರು ಹಣ ಕೊಡುವ ಗತಿ ಬೇರೆ. ಗ್ರೂಪ್ ಆಡಿಟರ್ ‘ನಿಮ್ಮ ಪ್ಯಾಕ್ ನೋಡಿದ್ದೇವೆ’ ಎಂದರೂ ಅವರು ನೋಡಿದ್ದು ಗ್ರೂಪಿನ ಅಭಿಪ್ರಾಯಕ್ಕೆ ಎಷ್ಟು ಬೇಕೋ ಅಷ್ಟನ್ನು. ಸ್ಥಳೀಯ ಆಡಿಟರ್ ಆರಂಭಿಕ ಶೇಷಗಳನ್ನು ತಮ್ಮ ಮಿತಿಯಲ್ಲಿ ಮತ್ತೆ ಪರೀಕ್ಷಿಸುತ್ತಾರೆ, ಅದಕ್ಕೆ ಸಮಯ ಇಡಿ.

ಹಂತ 5: ಖಾತೆವಾರು ಕೆಲಸ

ಗ್ರಾಚ್ಯುಟಿ. ಯುಎಇ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲೆ 30 ದಿನದ್ದು, ಒಟ್ಟು ಎರಡು ವರ್ಷದ ವೇತನ ಮೀರದಂತೆ. ತಿಂಗಳಿಗೆ 10,000 ದಿರ್ಹಮ್ ಮೂಲವೇತನದಲ್ಲಿ 7 ವರ್ಷ ದುಡಿದವರಿಗೆ 105 ಮತ್ತು 60 ಸೇರಿ 165 ದಿನ, ಅಂದರೆ 55,000 ದಿರ್ಹಮ್. ಬಹುಪಾಲು ಸಣ್ಣ ಕಂಪನಿಗಳು ‘ಎಲ್ಲರೂ ಇವತ್ತೇ ಬಿಟ್ಟರೆ’ ಎಂಬ ಈ ಮೊತ್ತವನ್ನೇ ಬರೆದಿರುತ್ತವೆ. ಮುಂದಿನ ಸಂಬಳ ಏರಿಕೆ ಕಡೆಗಣಿಸುವ ಸರಳೀಕರಣ ಎಸ್‌ಎಂಇ ಮಾನದಂಡದ 2015ರ ಆವೃತ್ತಿಯಲ್ಲಿತ್ತು. ನೌಕರರ ಸವಲತ್ತಿನ ಪೂರ್ಣ ಮಾನದಂಡ ಐಎಎಸ್ 19ರಲ್ಲಿ ಇಲ್ಲ. ಆಕ್ಚುವರಿಯಿಂದ (ಇಂಥ ಹೊಣೆಯನ್ನು ಅಂದಾಜಿಸುವ ಪರಿಣತರಿಂದ) 1 ಜನವರಿ 2026, 31 ಡಿಸೆಂಬರ್ 2026, 31 ಡಿಸೆಂಬರ್ 2027 ಮೂರಕ್ಕೂ ಒಂದೇ ಗುತ್ತಿಗೆಯಲ್ಲಿ ವರದಿ ತರಿಸಿ, ಖರ್ಚು ಉಳಿಯುತ್ತದೆ. ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಕೊಂಡಿರುವುದರಿಂದ ಈ ಹೊಣೆಯನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಬಡ್ಡಿದರಕ್ಕೆ ಸಾಮಾನ್ಯವಾಗಿ ಅಮೆರಿಕದ ಬಾಂಡುಗಳತ್ತ ನೋಡುತ್ತಾರೆ. ಯಾವ ದರ, ಯಾಕೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಬಾಕಿದಾರರು. ಹಳೆಯದರಲ್ಲಿ ನಷ್ಟ ಆದ ಮೇಲೆ ಬರೆಯುವುದು. ಐಎಫ್‌ಆರ್‌ಎಸ್ 9ರಲ್ಲಿ ಬರಬಹುದಾದ ನಷ್ಟವನ್ನು ಮೊದಲೇ ಬರೆಯುವುದು. ವ್ಯಾಪಾರ ಬಾಕಿಗೆ ವಯಸ್ಸಿನ ಪಟ್ಟಿಯ ಮೇಲೆ ದರ ಹಾಕುವ ಸರಳ ವಿಧಾನ ಸಾಕು. ಇಲ್ಲಿ ಹಿನ್ನೋಟದ ಜಾಣ್ಮೆ ನಿಷಿದ್ಧ. 2026ರ ಜೂನಿನಲ್ಲಿ ಒಬ್ಬ ಗ್ರಾಹಕ ದಿವಾಳಿಯಾದನೆಂಬ ಸಂಗತಿ ನಿಮಗೆ ಈಗ ಗೊತ್ತು. 1 ಜನವರಿ 2026ರ ಅಂದಾಜಿಗೆ ಅದು ಸೇರದು. ಅಂದು ಸಿಗಬಹುದಾಗಿದ್ದ ಮಾಹಿತಿ ಮಾತ್ರ. ಹಳೆಯ ಅಂದಾಜು ತಪ್ಪಾಗಿತ್ತೆಂಬ ಪುರಾವೆ ಇದ್ದರಷ್ಟೇ ತಿದ್ದುವುದು.

ಮಾತೃಸಂಸ್ಥೆಯ ಬಡ್ಡಿರಹಿತ ಸಾಲ. ಬೇಡಿದಾಗ ಕೊಡಬೇಕಾದದ್ದಾದರೆ ಮುಖಬೆಲೆಗೇ ಇರಲಿ. ಅವಧಿ ಇದ್ದರೆ ಕಥೆ ಬೇರೆ. 1 ಜನವರಿ 2025ರಂದು 50 ಲಕ್ಷ ದಿರ್ಹಮ್, ಮೂರು ವರ್ಷಕ್ಕೆ, ಮಾರುಕಟ್ಟೆ ದರ 6 ಶೇಕಡಾ ಎಂದಾದರೆ ಮೊದಲ ದಿನದ ನ್ಯಾಯಮೌಲ್ಯ 41.98 ಲಕ್ಷ. ಉಳಿದ 8.02 ಲಕ್ಷ ಮಾತೃಸಂಸ್ಥೆಯ ಬಂಡವಾಳ ಕೊಡುಗೆಯಾಗಿ ಈಕ್ವಿಟಿಗೆ. 2025ರ ಬಡ್ಡಿ 2.52 ಲಕ್ಷ ಸೇರಿ ಪರಿವರ್ತನಾ ದಿನದ ಹೊಣೆ 44.50 ಲಕ್ಷ. ಕನ್ಸಾಲಿಡೇಶನ್‌ನಲ್ಲಿ ಈ ಸಾಲ ಎಲಿಮಿನೇಟ್ ಆಗಿ ಮಾಯವಾಗುವುದರಿಂದ ಗ್ರೂಪಿನಲ್ಲಿ ಯಾರೂ ಇದರ ಗೊಡವೆಗೆ ಹೋಗಿರುವುದಿಲ್ಲ, ಪ್ಯಾಕ್‌ನಲ್ಲಿ 50 ಲಕ್ಷವೇ ನಿಂತಿರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ: ಎಸ್‌ಎಂಇ ಮಾನದಂಡವೂ ಇಂಥ ಸಾಲವನ್ನು ಇಂದಿನ ಮೌಲ್ಯದಲ್ಲೇ ಬರೆಯಲು ಹೇಳುತ್ತದೆ. ಹಾಗಾಗಿ ಮುಖಬೆಲೆಗೆ ಇಟ್ಟಿದ್ದರೆ ಅದು ನೀತಿಯ ವ್ಯತ್ಯಾಸವಲ್ಲ, ಹಳೆಯ ಲೆಕ್ಕದ ತಪ್ಪು. ಇವೆರಡನ್ನು ಬೇರೆ ಬೇರೆ ತೋರಿಸಬೇಕು.

ಮಾತೃಸಂಸ್ಥೆಯ ಷೇರು ಆಯ್ಕೆಗಳು. ದುಬೈ ನೌಕರರಿಗೆ ಲಂಡನ್ ಷೇರು ಸಿಕ್ಕಿದ್ದರೆ, ಯಾರೂ ನಿಮಗೆ ಬಿಲ್ ಕಳಿಸದಿದ್ದರೂ ಐಎಫ್‌ಆರ್‌ಎಸ್ 2 ಪ್ರಕಾರ ವೆಚ್ಚ ನಿಮ್ಮದೇ, ಎದುರು ನಮೂದು ಈಕ್ವಿಟಿಗೆ. ಅಂಕಿ ಕೇಂದ್ರ ಕಚೇರಿಯಲ್ಲೇ ಇರುತ್ತದೆ. ಹೆಸರು, ಕೊಟ್ಟ ದಿನ, ಆ ದಿನದ ನ್ಯಾಯಮೌಲ್ಯ, ವೆಸ್ಟಿಂಗ್ ದಿನ (ಹಕ್ಕು ಪೂರ್ತಿ ನೌಕರರದ್ದಾಗುವ ದಿನ) ಈ ನಾಲ್ಕು ಕಾಲಂ ತರಿಸಿಕೊಳ್ಳಿ.

ಮುಂದೂಡಿದ ತೆರಿಗೆ. ಯುಎಇಯಲ್ಲಿ 3,75,000 ದಿರ್ಹಮ್ ಮೇಲಿನ ತೆರಿಗೆಯ ಆದಾಯಕ್ಕೆ 9 ಶೇಕಡಾ. ಲೀಸಿನ ಉದಾಹರಣೆಯ 2.76 ಲಕ್ಷ ವ್ಯತ್ಯಾಸದ ಮೇಲೆ ಸುಮಾರು 24,900 ದಿರ್ಹಮ್ ತೆರಿಗೆ ಆಸ್ತಿ ಹುಟ್ಟುತ್ತದೆ, ಮುಂದೆ ಬಳಸಿಕೊಳ್ಳುವಷ್ಟು ಲಾಭದ ನಿರೀಕ್ಷೆ ಇದ್ದರೆ. ಲೀಸುಗಳ ಮೇಲೆ ಪರಿವರ್ತನಾ ದಿನದಂದೇ ಮುಂದೂಡಿದ ತೆರಿಗೆ ಬರೆಯಬೇಕೆಂದು ಪ್ಯಾರಾ ಬಿ14 ಕಡ್ಡಾಯ ಮಾಡಿದೆ. ದೊಡ್ಡ ಬಹುರಾಷ್ಟ್ರೀಯ ಗ್ರೂಪುಗಳಿಗೆ 2025ರಿಂದ ಬಂದಿರುವ 15 ಶೇಕಡಾದ ಕನಿಷ್ಠ ತೆರಿಗೆಯನ್ನು ಈ ಲೆಕ್ಕಕ್ಕೆ ಎಳೆಯಬೇಡಿ. ಐಎಎಸ್ 12 ಅದಕ್ಕೆ ಮುಂದೂಡಿದ ತೆರಿಗೆ ಬರೆಯದಂತೆ ತಾತ್ಕಾಲಿಕ ವಿನಾಯಿತಿ ಇಟ್ಟಿದೆ. ಉಳಿಕೆ ಲಾಭಕ್ಕೆ ನೇರ ಹೋದ ಹೊಂದಾಣಿಕೆಗಳು ತೆರಿಗೆ ರಿಟರ್ನಿನಲ್ಲಿ ಎಲ್ಲಿ ಬೀಳುತ್ತವೆ ಎಂಬುದನ್ನು ತೆರಿಗೆ ಸಲಹೆಗಾರರಿಂದ ಬರಹದಲ್ಲಿ ಪಡೆಯಿರಿ.

ಈಕ್ವಿಟಿಯ ಒಳವಿಭಾಗಗಳು. ಡಿ16(ಎ) ಮಾತಾಡುವುದು ಆಸ್ತಿ ಮತ್ತು ಹೊಣೆಗಳ ಬಗ್ಗೆ ಮಾತ್ರ. ಕಂಪನಿಗೆ ಮಸ್ಕತ್ತಿನಲ್ಲಿ ರಿಯಾಲಿನಲ್ಲಿ ನಡೆಯುವ ಶಾಖೆ ಇದ್ದರೆ, ಅದರ ವಿದೇಶಿ ವಿನಿಮಯ ವ್ಯತ್ಯಾಸದ ಸಂಚಿತ ಮೊತ್ತ ಈ ಪ್ಯಾರಾದಿಂದ ತಾನಾಗಿ ಬರುತ್ತಿರಲಿಲ್ಲ. ಸೊನ್ನೆ ಮಾಡುವುದು ಒಂದು ದಾರಿ; ಆದರೆ ಗ್ರೂಪಿನಲ್ಲಿ ಒಂದು ಮೊತ್ತ, ನಿಮ್ಮಲ್ಲಿ ಇನ್ನೊಂದು ಆಗುತ್ತದೆ. ಇದಕ್ಕೆಂದೇ 1 ಜನವರಿ 2022ರಿಂದ ಪ್ಯಾರಾ ಡಿ13ಎ ಬಂತು: (ಎ) ಆರಿಸಿದ ಅಂಗಸಂಸ್ಥೆ ಈ ಸಂಚಿತ ವ್ಯತ್ಯಾಸವನ್ನೂ ಮಾತೃಸಂಸ್ಥೆಯ ಮೊತ್ತದಲ್ಲೇ ಇಡಬಹುದು. ಇದು ಪ್ರತ್ಯೇಕ ಆಯ್ಕೆ. (ಎ) ಆರಿಸಿದೆವೆಂದು ಇದೂ ಸೇರಿತೆಂದುಕೊಳ್ಳಬೇಡಿ, ಆಡಳಿತ ಮಂಡಳಿಯ ನಿರ್ಣಯದಲ್ಲಿ ಬೇರೆಯೇ ಸಾಲು ಬರೆಯಿರಿ.

ಸ್ಥಿರಾಸ್ತಿ, ಸಾಲದ ಬಡ್ಡಿಯ ಬಂಡವಾಳೀಕರಣ, ಅಭಿವೃದ್ಧಿ ವೆಚ್ಚ ಇವುಗಳಲ್ಲಿ ಎಸ್‌ಎಂಇ ಮತ್ತು ಪೂರ್ಣ ಐಎಫ್‌ಆರ್‌ಎಸ್ ನಡುವೆ ಅಂತರವಿದೆ. ಹಳೆಯದರಲ್ಲಿ ಸಾಲದ ಬಡ್ಡಿ, ಅಭಿವೃದ್ಧಿ ವೆಚ್ಚ ಎರಡೂ ನೇರ ಖರ್ಚಿಗೆ ಹೋಗುತ್ತಿದ್ದವು. ಸೇವಾ ಕಂಪನಿಗೆ ಸಾಮಾನ್ಯವಾಗಿ ಒಳಗೇ ಕಟ್ಟಿದ ಸಾಫ್ಟ್‌ವೇರ್ ಒಂದೇ ಗಮನಿಸಬೇಕಾದದ್ದು.

ಹಂತ 6: ವರದಿಯ ರೂಪ

ಐಎಫ್‌ಆರ್‌ಎಸ್ 18ರಲ್ಲಿ ಲಾಭ-ನಷ್ಟ ಪಟ್ಟಿ ಕಾರ್ಯಾಚರಣೆ, ಹೂಡಿಕೆ, ಹಣಕಾಸು ಎಂದು ವಿಂಗಡವಾಗುತ್ತದೆ. ಕಾರ್ಯಾಚರಣೆಯ ಲಾಭ, ಹಣಕಾಸು ಮತ್ತು ತೆರಿಗೆಗೆ ಮುಂಚಿನ ಲಾಭ ಎಂಬ ಉಪಮೊತ್ತಗಳು ಕಡ್ಡಾಯ. ಲೀಸ್ ಹೊಣೆಯ ಬಡ್ಡಿಯೂ ಗ್ರಾಚ್ಯುಟಿಯ ನಿವ್ವಳ ಬಡ್ಡಿಯೂ ಹಣಕಾಸು ವಿಭಾಗಕ್ಕೆ. ವಿನಿಮಯ ವ್ಯತ್ಯಾಸ ಯಾವ ಖಾತೆಯಿಂದ ಹುಟ್ಟಿತೋ ಆ ವಿಭಾಗಕ್ಕೆ; ಲೆಡ್ಜರಿನಲ್ಲಿ ಒಂದೇ ವಿನಿಮಯ ಖಾತೆ ಇಟ್ಟವರು 2026ರ ಜನವರಿಯಿಂದಲೇ ಅದನ್ನು ಒಡೆದಿಟ್ಟಿರಬೇಕಿತ್ತು, ಇಲ್ಲವಾದರೆ ನಮೂದು ನಮೂದಾಗಿ ಹಿಂದಕ್ಕೆ ಹೋಗಬೇಕಾಗುತ್ತದೆ. ಪರೋಕ್ಷ ವಿಧಾನದ ನಗದು ಹರಿವು ಕಾರ್ಯಾಚರಣೆಯ ಲಾಭದಿಂದ ಶುರುವಾಗುತ್ತದೆ, ಕೊಟ್ಟ ಬಡ್ಡಿ ಹಣಕಾಸಿಗೆ ಹೋಗುತ್ತದೆ.

ಟಿಪ್ಪಣಿಗಳ ಹೊರೆ ಇಳಿಸುವ ಹೊಸ ದಾರಿಯೂ ಇದೆ. 2024ರ ಮೇ ತಿಂಗಳಲ್ಲಿ ಬಂದ ಐಎಫ್‌ಆರ್‌ಎಸ್ 19, 1 ಜನವರಿ 2027ರಿಂದ ಜಾರಿ, ಮೊದಲೇ ಬಳಸಲೂ ಅಡ್ಡಿಯಿಲ್ಲ. ಸಾರ್ವಜನಿಕ ಹೊಣೆಗಾರಿಕೆ ಇಲ್ಲದ (ಷೇರುಪೇಟೆಯಲ್ಲಿಲ್ಲದ, ಜನರ ಹಣ ಇಟ್ಟುಕೊಳ್ಳದ) ಅಂಗಸಂಸ್ಥೆ, ಅದರ ಮೇಲಿನ ಯಾವುದಾದರೂ ಮಾತೃಸಂಸ್ಥೆ ಸಾರ್ವಜನಿಕರಿಗೆ ಸಿಗುವ ಐಎಫ್‌ಆರ್‌ಎಸ್ ಕನ್ಸಾಲಿಡೇಟೆಡ್ ವರದಿ ಹೊರಡಿಸುತ್ತಿದ್ದರೆ, ಪೂರ್ಣ ಮಾಪನ ನಿಯಮಗಳ ಜೊತೆ ಕಡಿಮೆ ಟಿಪ್ಪಣಿ ಕೊಡಬಹುದು. ನಮ್ಮ ದುಬೈ ಕಂಪನಿಗೆ ಹೇಳಿ ಮಾಡಿಸಿದಂತಿದೆ. ಮೇಲೆ ಎಲ್ಲೂ ಐಎಫ್‌ಆರ್‌ಎಸ್ ವರದಿಯಿಲ್ಲದೆ ಇಂಡ್ ಎಎಸ್ ಮಾತ್ರ ಇದ್ದರೆ ಈ ಬಾಗಿಲೂ ಮುಚ್ಚಿದೆ. ಅನುಸರಣೆಯ ಹೇಳಿಕೆಯಲ್ಲಿ ಐಎಫ್‌ಆರ್‌ಎಸ್ 19 ಬಳಸಿದ್ದನ್ನು ಹೇಳಲೇಬೇಕು. ಸಾಲ ಕೊಟ್ಟ ಬ್ಯಾಂಕಿಗೆ ಕಡಿಮೆ ಟಿಪ್ಪಣಿ ಒಪ್ಪಿಗೆಯೇ ಎಂದು ಮೊದಲೇ ಕೇಳಿ. ಲೀಸ್ ಹೊಣೆ ಸೇರಿ ಸಾಲದ ಅನುಪಾತ ಕೆಡುವ ವಿಚಾರವನ್ನೂ ಅದೇ ಸಭೆಯಲ್ಲಿ ಮುಗಿಸಿ. ಷರತ್ತು ಮುರಿದ ಮೇಲೆ ಮಾತಿಗೆ ಕೂರುವುದು ಕಷ್ಟ.

ಹಂತ 7: ಸಮನ್ವಯ ಪಟ್ಟಿ

ಎಸ್‌ಎಂಇ ಲೆಕ್ಕದ ಈಕ್ವಿಟಿಯಿಂದ ಐಎಫ್‌ಆರ್‌ಎಸ್ ಈಕ್ವಿಟಿಗೆ ಎರಡು ಪಟ್ಟಿ: 1 ಜನವರಿ 2026 ಮತ್ತು 31 ಡಿಸೆಂಬರ್ 2026. 2026ರ ಒಟ್ಟು ಸಮಗ್ರ ಆದಾಯಕ್ಕೆ ಇನ್ನೊಂದು. (ಎ) ಆರಿಸಿದ್ದರೂ ಈ ಪಟ್ಟಿಗಳು ನಿಮ್ಮ ಪರಿವರ್ತನಾ ದಿನಾಂಕದವೇ, ಮಾತೃಸಂಸ್ಥೆಯ 2004ರವಲ್ಲ. ಆರಂಭದ ಸಾಲು ಹಿಂದೆ ಸಹಿಯಾದ ಎಸ್‌ಎಂಇ ವರದಿಯ ಈಕ್ವಿಟಿ ಆಗಿರಬೇಕು. ಪ್ಯಾಕ್‌ನ ಈಕ್ವಿಟಿಯಿಂದ ಶುರುಮಾಡಿದವರ ಪಟ್ಟಿ ಕೂಡಿದರೂ ಆಡಿಟರ್ ವಾಪಸು ಕಳಿಸುತ್ತಾರೆ. ಎಸ್‌ಎಂಇ ಲೆಕ್ಕದ ತಪ್ಪುಗಳು ಪ್ರತ್ಯೇಕ ಸಾಲಿನಲ್ಲಿ ಬರಲಿ. ಅಪ್ರಕಟಿತ ಪ್ಯಾಕ್‌ಗೆ ಕೇಂದ್ರ ಕಚೇರಿ ಮಾಡಿದ ಹೊಂದಾಣಿಕೆಗಳನ್ನು ಮಾತ್ರ ತಪ್ಪಿನ ತಿದ್ದುಪಡಿ ಎಂದು ತೋರಿಸಬೇಕಿಲ್ಲ.

ಕ್ಯಾಲೆಂಡರ್ ಬಗ್ಗೆ ಎರಡು ಮಾತು. ಆರಂಭಿಕ ಬ್ಯಾಲೆನ್ಸ್ ಶೀಟ್ ಮತ್ತು ಡಿ16 ನಿರ್ಣಯ 2026 ಮುಗಿಯುವುದರೊಳಗೆ ಆಡಿಟರ್ ಕೈಸೇರಲಿ. 2026ರ ಕಾನೂನುಬದ್ಧ ವರದಿ ಎಸ್‌ಎಂಇ ಮಾನದಂಡದಲ್ಲೇ ಹೋಗುತ್ತದೆ. ಅದರ ಪಕ್ಕದಲ್ಲೇ ಅದೇ ವರ್ಷದ ಐಎಫ್‌ಆರ್‌ಎಸ್ ಪ್ರತಿಯನ್ನೂ 2027ರ ಮಧ್ಯದೊಳಗೆ ಮುಗಿಸಿ. ಎಸ್‌ಎಂಇ ಮಾನದಂಡದ ಮೂರನೇ ಆವೃತ್ತಿ ಜಾರಿಯಾಗುವುದು 1 ಜನವರಿ 2027ರಿಂದ, ಆದ್ದರಿಂದ ಆ ವರ್ಷ ಹೊರಬೀಳುವವರಿಗೆ ಅದನ್ನು ಕಲಿಯುವ ಗೋಜಿಲ್ಲ.

ಭಾರತದ ಒಳಗಿನ ಅಂಗಸಂಸ್ಥೆಗಳಿಗೆ

ಇಂಡ್ ಎಎಸ್ 101ರಲ್ಲೂ ಡಿ16 ಇದೆ, ಆದರೆ ಬಳಕೆ ಕಡಿಮೆ. 2015ರ ಕಂಪನಿ ನಿಯಮಗಳಂತೆ ಲಿಸ್ಟ್ ಆದ ಅಥವಾ 250 ಕೋಟಿ ರೂಪಾಯಿ ನಿವ್ವಳ ಮೌಲ್ಯ ಮುಟ್ಟಿದ ಕಂಪನಿ ಇಂಡ್ ಎಎಸ್‌ಗೆ ಬಂದರೆ ಅದರ ಅಂಗಸಂಸ್ಥೆಗಳೂ ಬರಬೇಕು, ಹಾಗಾಗಿ ಇಬ್ಬರದೂ ಒಂದೇ ದಿನಾಂಕ. ಮಾತೃಸಂಸ್ಥೆ 2016ರಲ್ಲೇ ಬಂದು, ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ಅಂಗಸಂಸ್ಥೆ 2018 ಅಥವಾ 2019ರ ಏಪ್ರಿಲ್‌ನಲ್ಲಿ ಬಂದ ಗ್ರೂಪುಗಳಲ್ಲಿ ಡಿ16ರ ಪ್ರಶ್ನೆ ನಿಜವಾಗಿ ಎದ್ದಿತು.

ಮೊದಲ ವರದಿ ಹೊರಟ ಮೇಲೆ

(ಎ) ಆರಿಸಿದ ಲಾಭ ಉಳಿಯಬೇಕಾದರೆ ಕೇಂದ್ರ ಕಚೇರಿಯ ನಮೂದುಗಳು ಇನ್ನು ಮುಂದೆ ನಿಮ್ಮ ಲೆಡ್ಜರಿಗೇ ಬರಬೇಕು. ಪ್ರತಿ ತ್ರೈಮಾಸಿಕದ ಹತ್ತನೇ ಕೆಲಸದ ದಿನದೊಳಗೆ ನಿಮ್ಮ ಕೋಡಿನ ಟಾಪ್-ಸೈಡ್ ಪಟ್ಟಿ, ಕಾರಣ ಮತ್ತು ಆಧಾರ ಕಾಗದದ ಜೊತೆ ಬರುವಂತೆ ಗ್ರೂಪ್ ಕಂಟ್ರೋಲರ್ ಜೊತೆ ಬರಹದ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಮೆಟೀರಿಯಾಲಿಟಿ ಮಿತಿ ದಾಟಿದ, ಆದರೆ ಗ್ರೂಪ್ ಬೇಡವೆಂದ ತಿದ್ದುಪಡಿಗಳಿಗೆ ಸ್ಥಳೀಯ ಹೊಂದಾಣಿಕೆ ಖಾತೆ ಬೇರೆ ಇರಲಿ. ಡಿಸೆಂಬರಿನ ಮುಕ್ತಾಯದಲ್ಲಿ ಮೊದಲು ತೆರೆಯಬೇಕಾದದ್ದು ಆ ಖಾತೆಯನ್ನೇ.